ಅವ್ವ ತುಂಬಿದ ಗಲ್ಲಗಳು

ಗೋಕಾಕದ ನಮ್ಮ ಮನೆಯಲ್ಲಿ ಬೆಳಕಿಗೊಂದು ಕೋಣೆ, ಕತ್ತಲಿಗೊಂದು ಕೋಣೆ ಇದ್ದವು. ನಡುವೆ ಉಳಿದ ಒಂದೇ ಕೋಣೆಯಲ್ಲಿ ಅಪ್ಪ, ಅವ್ವ, ಒಬ್ಬಳೇ ಮಗಳು ನಾನು, ಮೂವರೂ ಉಣ್ಣಬೇಕು, ಮಲಗಬೇಕು, ಜಗಳಾಡಬೇಕು. ರಸ್ತೆಯ ಕಡೆಗಿದ್ದ ದೊಡ್ಡ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ಅದರ ಉತ್ತರದ ಗೋಡೆಯನ್ನು ಅರ್ಧ ಒಡೆಸಿ ಗಾಜು ಹಾಕಿಸಿದ್ದ. ಹಿಂದಿನ ಪರದೆಯ ಮೇಲೆ ಒಂದು ಅರಮನೆ, ಅದರ ಮೆಟ್ಟಿಲು, ಮೆಟ್ಟಿಲ ಕೆಳಗೆ ಕೊಳ, ಕೊಳದಲ್ಲಿ ಡೊಂಕು ಕತ್ತಿನ ಒಂದು ಹಂಸ. ನಮ್ಮ ಕಡೆ ಯಾರೂ ಕಂಡಿರದ ಆ ಅರಮನೆಯ ಮುಂದೆ ಮೂಡಲಗಿ, ಹುಕ್ಕೇರಿ, ಕಲ್ಲೋಳಿಗಳಿಂದ ಬಂದ ಎಷ್ಟೋ ಮದುಮಕ್ಕಳು ಉಸಿರು ಬಿಗಿಹಿಡಿದು ನಿಂತದ್ದನ್ನು ನೋಡಿದ್ದೇನೆ. ಕತ್ತಲ ಕೋಣೆ ಎಂದರೆ ನಮ್ಮ ಬಚ್ಚಲು. ಅದರ ಕಿಂಡಿಗೆ ಕಪ್ಪು ಅರಿವೆ ಜಡಿದು, ಒಳಗೆ ಕೆಂಪು ಗಾಜಿನ ಕಂದೀಲು ಇಟ್ಟಿದ್ದ. ಅಪ್ಪ ಫೋಟೋ ತೆಗೆದ ಗಾಜಿನ ಪ್ಲೇಟು ತೊಳೆಯಲು ಅಲ್ಲಿ ಹೊಕ್ಕನೆಂದರೆ ನಮ್ಮ ಸ್ನಾನ, ಸ್ನಾನದ ನಂತರದ ಪೂಜೆ, ಪೂಜೆಯ ನಂತರದ ಒಲೆ ಎಲ್ಲವೂ ಒಂದರ ಹಿಂದೊಂದು ಕಾಯುತ್ತ ನಿಲ್ಲಬೇಕು. ಅವ್ವ ಒಗೆದ ಸೀರೆ ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಹೊರಗಿಂದ ಕೂಗುತ್ತಿದ್ದಳು.

"ದೇವರಿಗೆ ನೀರ ಹಾಕೂ ಹೊತ್ತಾತು. ಹೊರಗ ಬರ್ರಿ."

"ಈಗ ಬಾಗಲಾ ತಗದ್ರ ಹುಕ್ಕೇರಿ ಮದವಿ ಪೂರಾ ಕಪ್ಪಾಗತೈತಿ. ಹತ್ತು ಮಿನೀಟ ತಡೀಲಾಕ ಹೇಳು ದೇವರಿಗೆ."

ದೇವರು ಹತ್ತು ಮಿನಿಟಲ್ಲ, ಒಂದು ತಾಸು ತಡೆಯುತ್ತಿದ್ದ. ಅವ್ವ ತಡೆಯುತ್ತಿರಲಿಲ್ಲ. ಅಪ್ಪ ಹೊರಗೆ ಬಂದಾಗ ಮೈಗೆ ಹೈಪೋ ಔಷಧದ ವಾಸನೆ, ಬೆರಳಿಗೆ ಕಂದು ಕಲೆ. ಆ ಕೈಯಿಂದ ನೀರಿನ ತಂಬಿಗೆ ಮುಟ್ಟಬಾರದು ಎಂದು ಅವ್ವ, ಹಾಗಾದರೆ ನೀರು ಯಾರು ಕೊಡುತ್ತಾರೆ ಎಂದು ಅಪ್ಪ, ಹೀಗೆ ನಮ್ಮ ಮನೆಯ ಬೆಳಗು ಆಗುತ್ತಿತ್ತು.

ಊರವರು ಅಪ್ಪನನ್ನು ಫೋಟೋ ಶಂಕ್ರಪ್ಪ ಎನ್ನುತ್ತಿದ್ದರು. ಆದರೆ ಅವರು ಮೆಚ್ಚಿ ಮನೆಯ ಗೋಡೆಗೆ ತೂಗುಹಾಕಿಕೊಳ್ಳುತ್ತಿದ್ದ ಮುಖಗಳಲ್ಲಿ ಅರ್ಧ ಕೆಲಸ ಅವ್ವನದು. ಅದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಅವ್ವ ಕುಲಗೋಡದವಳು, ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಸಣ್ಣ ಸಣ್ಣ ಹೊಲಿಗೆ ನೋಡಿದ ಅಪ್ಪ, ಸೂಜಿ ಬಿಡಿಸಿ ಪೆನ್ಸಿಲ್ ಕೊಟ್ಟನಂತೆ. ಗಾಜಿನ ಕಿಟಕಿಯ ಕೆಳಗೆ ಇಳಿಜಾರಿನ ಒಂದು ಮೇಜು, ಅದರ ನಡುವೆ ಮಸುಕು ಗಾಜು, ಕೆಳಗೆ ಬೆಳಕು ಹಿಡಿಯುವ ಕನ್ನಡಿ. ಅದರ ಮೇಲೆ ಪ್ಲೇಟು ಇಟ್ಟರೆ ಎಲ್ಲ ತಿರುವುಮುರುವು: ಕಪ್ಪು ಕೂದಲು ಬಿಳಿ, ಬಿಳಿ ಧೋತರ ಕಪ್ಪು. ಗಲ್ಲದ ಕುಳಿಯ ನೆರಳು ಅಲ್ಲಿ ಬರೀ ಗಾಜಾಗಿ ಕಾಣುತ್ತದೆ. ಆ ಜಾಗದಲ್ಲಿ ಕೂದಲೆಳೆಯಂಥ ಗೀರುಗಳನ್ನು ಪೆನ್ಸಿಲ್ಲಿನಿಂದ ತುಂಬಿದರೆ, ಪ್ರಿಂಟಿನಲ್ಲಿ ನೆರಳು ಹೋಗಿ ಗಲ್ಲ ತುಂಬಿಕೊಳ್ಳುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲಕ್ಕೂ ಅದೇ ಮದ್ದು. ಪೆನ್ಸಿಲ್ಲಿನ ಮೊನೆಯನ್ನು ಮರಳು ಕಾಗದದ ಮೇಲೆ ಸೂಜಿಯಷ್ಟು ಸಪೂರ ಮಾಡಿ ಕೊಡುವುದು ನನ್ನ ಕೆಲಸ. ಮುರಿದರೆ ತಲೆಯ ಮೇಲೊಂದು ಬೀಳುತ್ತಿತ್ತು. ಅವ್ವನದು ಒಂದೇ ಹಟ, ಅದನ್ನು ಅವಳು ದೇವರ ಹೆಸರಿನಂತೆ ಹೇಳುತ್ತಿದ್ದಳು.

"ನಮ್ಮ ಮನಿಯಿಂದ ಯಾರೂ ಕುಳಿ ಬಿದ್ದ ಗಲ್ಲ ತಗೊಂಡು ಹೋಗಬಾರದು."

ನನಗೆ ಹತ್ತು ವರ್ಷವಿದ್ದಾಗ ಊರಿಗೆ ಊರೇ ಸೊರಗಿತು. ನೂಲಿನ ಬೆಲೆ ಏರಿತು, ನೇಯ್ದ ಸೀರೆ ಕೊಳ್ಳುವವರಿಲ್ಲದಾದರು. ನಮ್ಮ ಹಿಂದಿನ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತಾಗ ಮೊದಲ ನಾಲ್ಕು ದಿನ ನಮಗೆ ಕಿವಿಯೇ ಕೆಟ್ಟಿದೆಯೇನೋ ಅನ್ನಿಸಿತು. ಮಗ್ಗ ನಿಂತರೆ ಮದುವೆ ನಿಲ್ಲುತ್ತದೆ, ಮದುವೆ ನಿಂತರೆ ಫೋಟೋ ಯಾರಿಗೆ ಬೇಕು? ಅಪ್ಪ ದಿನವೂ ಪರದೆಯ ಮುಂದಿನ ಕುರ್ಚಿ ಒರೆಸಿ, ತಾನೇ ಅದರ ಮೇಲೆ ಕುಳಿತು ರಸ್ತೆ ನೋಡುತ್ತಿದ್ದ. ಅವನ ಹತ್ತಿರ ಹಿಂದೆ ತಂದಿಟ್ಟ ಪ್ಲೇಟುಗಳ ಡಬ್ಬಿಗಳಿದ್ದವು, ಹಾಗೆಯೇ ಇಟ್ಟರೆ ಕೆಟ್ಟುಹೋಗುವಂಥವು. ಒಂದು ದಿನ ಏನೆನ್ನಿಸಿತೋ, ಮೂರು ಕಾಲಿನ ಆ ದೊಡ್ಡ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಇಳಿದ. ಅವ್ವ ಬಾಗಿಲಿಗೆ ಬಂದಳು.

"ಎಲ್ಲಿಗೆ ಹೊಂಟ್ರಿ? ಯಾರ ಕರದಾರ?"

"ಯಾರೂ ಕರದಿಲ್ಲ."

"ಕರೀಲಾರದ ಹೋಗಾಕ ಅದೇನು ಮದವಿ ಊಟ ಐತೇನು?"

ಅಪ್ಪ ಅಂದು ತೆಗೆದದ್ದು ಒಬ್ಬ ಕ್ಷೌರಿಕ ಇನ್ನೊಬ್ಬ ಕ್ಷೌರಿಕನ ಗಡ್ಡ ಕೆರೆಯುತ್ತಿದ್ದ ಚಿತ್ರ. ಗಿರಾಕಿಗಳಿಲ್ಲದೆ ಕೈ ಜಡ್ಡುಗಟ್ಟಬಾರದೆಂದು ಅವರು ಹಾಗೆ ಮಾಡುತ್ತಿದ್ದರು. ಆಮೇಲೆ ಬಸ್ ನಿಲ್ದಾಣದ ಎದುರು ಟಾಂಗಾ ನಿಲ್ಲಿಸಿ ಅದರೊಳಗೆ ತಾನೇ ಮಲಗಿದ್ದ ಟಾಂಗಾದವನು. ಬಣ್ಣದ ಕಟ್ಟಿಗೆಯ ಮಾವು, ಬಾಳೆ, ಸೀತಾಫಲಗಳನ್ನು ಬುಟ್ಟಿಯಲ್ಲಿಟ್ಟು ಕುಳಿತ ಗೊಂಬೆ ಮಾರುವವಳು, ಅವಳ ಮಡಿಲಲ್ಲಿ ಆ ಹಣ್ಣನ್ನೇ ಚೀಪುತ್ತಿದ್ದ ಕೂಸು. ನೇಕಾರ ಈರಪ್ಪ ಕಾಕಾನ ಮನೆಯಲ್ಲಿ ಮಗ್ಗದ ಮೇಲೆ ಕೋಳಿ ಕಾವು ಕುಳಿತಿತ್ತು, ಪಕ್ಕದಲ್ಲಿ ಕಾಕಾ, ಅವನ ಹೆಂಡತಿ ಗಂಗವ್ವ ಕಾಕು. ಕಾಕಾ ಕೇಳಿದನಂತೆ: "ಶಂಕ್ರಪ್ಪಾ, ಕೋಟ ಹಾಕ್ಕೊಳ್ಳೇನು?" ಸ್ಟುಡಿಯೋದಲ್ಲಿ ಬಂದವರಿಗೆಲ್ಲ ತೊಡಿಸುತ್ತಿದ್ದ ಕಪ್ಪು ಕೋಟೊಂದಿತ್ತು, ಅದನ್ನು ನೆನೆಸಿ ಕೇಳಿದ್ದು. ಅಪ್ಪ ಬೇಡ ಎಂದನಂತೆ. ಹುಚ್ಚು ಹಿಡಿದಿದೆ ಎಂದರು ಕೆಲವರು. ಮನೆಯಲ್ಲಿ ಅವ್ವ ಹೇಳಿದ್ದೂ ಅದನ್ನೇ, ಇನ್ನೂ ಸ್ವಲ್ಪ ಜೋರಾಗಿ.

ಅದೇ ದಿನಗಳಲ್ಲಿ ಅವ್ವನ ವ್ರತಗಳೂ ಹೆಚ್ಚಿದವು. ಮೊದಲು ಸೋಮವಾರ ಒಂದೇ ಒಪ್ಪತ್ತು ಇತ್ತು, ಆಮೇಲೆ ಗುರುವಾರ ಸೇರಿತು, ಶನಿವಾರ ಸೇರಿತು. ನಮ್ಮ ತಾಟಿನಲ್ಲಿ ರೊಟ್ಟಿ ಹೋಗಿ ಅಂಬಲಿ ಬಂತು. ಒಂದು ಗುರುವಾರ ಅವ್ವ ಖಾಲಿ ಚೀಲ ಮಡಚಿ ಸೆರಗಿನೊಳಗೆ ಇಟ್ಟುಕೊಂಡು, ನನ್ನ ಕೈ ಹಿಡಿದು ಹಿತ್ತಲ ಬಾಗಿಲಿಂದ ಹೊರಟಳು. ಕಾಳು ವ್ಯಾಪಾರದ ಅಡತಿ ಅಂಗಡಿಗಳವರು ಕೂಡಿ ವಾರಕ್ಕೊಮ್ಮೆ ಧರ್ಮಕ್ಕೆ ಜೋಳ ಹಂಚುತ್ತಿದ್ದರು. ಗೋಡೆಯ ನೆರಳಿನಲ್ಲಿ ಹೆಂಗಸರ ಸಾಲು ಕುಳಿತಿತ್ತು, ಎಲ್ಲರ ಸೆರಗೂ ಹಣೆಯಿಂದ ಕೆಳಗೆ. ನಾವೂ ಹೋಗಿ ಕುಳಿತೆವು. ಸ್ವಲ್ಪ ಹೊತ್ತಿಗೆ ರಸ್ತೆಯ ಆ ಬದಿ ಅಪ್ಪ ಬಂದು ಕ್ಯಾಮೆರಾದ ಮೂರು ಕಾಲು ಊರಿದ. ಅವ್ವ ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಎದ್ದರೆ ಗುರುತು ಸಿಗುತ್ತದೆ, ಕುಳಿತರೆ ಚಿತ್ರದಲ್ಲಿ ಬರುತ್ತೇವೆ. ಅವಳು ಕುಳಿತಳು. ಅಪ್ಪ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಅದರೊಳಗೆ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತದೆ. ತಲೆಕೆಳಗಾದ ಹೆಂಗಸರ ನಡುವೆ ತನ್ನ ಹೆಂಡತಿಯನ್ನು ಅವನು ಹೇಗೆ ಗುರುತಿಸಬೇಕು? ನಾನು ಮಾತ್ರ ಕತ್ತೆತ್ತಿ ನೇರವಾಗಿ ಕ್ಯಾಮೆರಾ ನೋಡಿದೆ. ನನ್ನ ತಲೆ ತಗ್ಗಿಸಲು ಅವ್ವ ಬಗ್ಗಿದಾಗ ಅವಳ ಸೆರಗು ಜಾರಿತು. ಅದೇ ಹೊತ್ತಿಗೆ ಕ್ಯಾಮೆರಾ ಟಕ್ಕೆಂದಿತು.

"ಅಪ್ಪಗ ಹೇಳಬ್ಯಾಡ," ಎಂದಳು ಅವ್ವ ಜೋಳದ ಚೀಲ ಹೊತ್ತು ಬರುವ ಹಾದಿಯಲ್ಲಿ. "ಕುಲಗೋಡದಿಂದ ಅಮ್ಮಾಯಿ ಬಸ್ಸಿನ್ಯಾಗ ಕಳಿಸ್ಯಾಳ ಅನ್ನು."

ಮರುದಿನ ತಾಟಿನಲ್ಲಿ ರೊಟ್ಟಿ ಬಿತ್ತು, ಅಜ್ಜಿ ಕಳಿಸಿದ ಜೋಳದ್ದು ಎಂದೆ ನಾನು. ಅಪ್ಪ ಮುರಿದು ಬಾಯಿಗಿಟ್ಟು, "ಕುಲಗೋಡ ಜ್ವಾಳ ಈ ಸಲ ಛಲೋ ಐತಿ" ಎಂದ. ನಾನು ತಾಟಿನಿಂದ ತಲೆ ಎತ್ತಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ಆ ಸುಳ್ಳು ಅಷ್ಟು ಸುಲಭಕ್ಕೆ ನಡೆದುಹೋಯಿತಲ್ಲ ಎಂದು ಹೆದರಿದ್ದೆ. ಆ ಗುರುವಾರದ ಪ್ಲೇಟು ಮೇಜಿಗೆ ಬರುತ್ತದೆ ಎಂದು ಅವ್ವನೂ ನಾನೂ ದಿನವೂ ಕಾದೆವು. ಅದು ಬರಲೇ ಇಲ್ಲ. ಅವ್ವ ಕೇಳಲೂ ಇಲ್ಲ.

ನೇಕಾರರ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು, ಗುರುನಾಥ ಮಾಸ್ತರರು. ಒಂದು ಸಂಜೆ ಬಂದು ಅರಮನೆಯ ಮುಂದಿನ ಕುರ್ಚಿಯಲ್ಲಿ ಕುಳಿತರು. ಅಡತಿ ಅಂಗಡಿಯವರು ಕೈಯೆತ್ತಿದ್ದಾರೆ, ಈ ತಿಂಗಳಿಗೆ ಜೋಳ ಮುಗಿಯುತ್ತದೆ. ಓಣಿಯ ಮಕ್ಕಳಿಗೆ ಸರಕಾರದ ಗಂಜಿ ಕೇಂದ್ರ ತೆರೆಸಬೇಕು. ಅರ್ಜಿ ಎರಡು ಸಲ ಕಳಿಸಿದರೂ ಉತ್ತರವಿಲ್ಲ. ತಾವೇ ಬೆಳಗಾವಿಗೆ ಹೋಗಿ ಅರ್ಜಿ ನೋಡುವ ಸಾಹೇಬರನ್ನು ಕಾಣುವುದಾಗಿ ಹೇಳಿದರು.

"ಕಾಗದಾ ಯಾರೂ ಓದೂದಿಲ್ಲ, ಶಂಕ್ರಪ್ಪ. ನೀ ತಗದೀಯಲ್ಲ ಫೋಟೋ, ಅವನ್ನ ಕೊಡು. ಕಣ್ಣಿಲೆ ನೋಡಲಿ."

ಅಪ್ಪನ ಮುಖ ಅಷ್ಟು ಬೆಳಗಿದ್ದನ್ನು ನಾನು ಆ ವರ್ಷ ನೋಡಿರಲಿಲ್ಲ. ಹನ್ನೆರಡು ಪ್ಲೇಟು ಆರಿಸಿ ಮೇಜಿನ ಮೇಲಿಟ್ಟ. ಆದರೆ ಅಷ್ಟರಲ್ಲಿ ಮೂಡಲಗಿಯಿಂದ ಅಪರೂಪಕ್ಕೊಂದು ಕರೆ ಬಂತು, ಯಾರದೋ ಮನೆಯ ಹಿರಿಯರು ತೀರಿಕೊಂಡಿದ್ದರು. ಕೂರಿಸಿದ ಹೆಣದ ಸುತ್ತ ಮನೆಮಂದಿಯನ್ನು ನಿಲ್ಲಿಸಿ ಫೋಟೋ ತೆಗೆಯಬೇಕು. ಅಪ್ಪ ಹೊರಡುವಾಗ ಅವ್ವನಿಗೆ ಹೇಳಿದ.

"ಬಿಸಲಿಗಿಟ್ಟು ಪ್ರಿಂಟ್ ತಗದು ಮಾಸ್ತರಿಗೆ ಕೊಡು. ಆದ್ರ ಇವಕ್ಕ ಪೆನ್ಸಿಲ್ ಮುಟ್ಟಸಬ್ಯಾಡ. ಕೈ ಹಚ್ಚಬ್ಯಾಡ, ತಿಳೀತೇನು?"

"ತಿಳೀತು ಹೋಗ್ರಿ."

ತಿಳಿದಿರಲಿಲ್ಲ. ಅಥವಾ ತಿಳಿದೂ ಕೈ ಕೇಳಲಿಲ್ಲ. ಅವ್ವ ಈರಪ್ಪ ಕಾಕಾನ ಮನೆಯ ಪ್ಲೇಟನ್ನು ಬೆಳಕಿಗೆ ಹಿಡಿದಳು. ಗಂಗವ್ವ ಕಾಕು ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಬಂದು ಕೂರುವವಳು, ನಾನು ಹುಟ್ಟಿದಾಗ ಅವ್ವನ ಬಾಣಂತನ ಮಾಡಿದವಳು. ದಿನವೂ ನೋಡುವ ಮುಖದಲ್ಲಿ ಕಾಣದ್ದು ಗಾಜಿನಲ್ಲಿ ಕಂಡಿತು. ಗಲ್ಲವಿರಬೇಕಾದಲ್ಲಿ ಎರಡು ಗುಳಿ. ಅವ್ವ ನನ್ನತ್ತ ತಿರುಗಿ ಕೈ ಚಾಚಿದಳು. ನಾನು ಪೆನ್ಸಿಲ್ ಕೊಟ್ಟೆ. ಅಪ್ಪ ಬೇಡ ಎಂದದ್ದು ನನಗೂ ಕೇಳಿತ್ತು.

"ಬೆಳಗಾವ್ಯಾಗ ದೊಡ್ಡ ದೊಡ್ಡ ಮಂದಿ ನೋಡ್ತಾರ," ಎಂದಳು ಗೀರು ತುಂಬುತ್ತ. "ನಮ್ಮ ಓಣಿ ಮಂದಿ ಹಿಂಗ ಹೋಗಿ ಅವರ ಮುಂದ ನಿಂದರಬೇಕೇನು? ಮಾನಾ ಅನ್ನೂದು ಏನೂ ಇಲ್ಲೇನು?"

ಎರಡು ದಿನ ಅವಳು ಒಲೆಯ ಕಡೆ ತಿರುಗಿ ನೋಡಲಿಲ್ಲ. ಗಂಗವ್ವ ಕಾಕು, ಈರಪ್ಪ ಕಾಕಾ, ಗೊಂಬೆಯವಳು, ಅವಳ ಕೂಸು, ಟಾಂಗಾದವನು, ಒಬ್ಬೊಬ್ಬರಾಗಿ ಮೈ ತುಂಬಿಕೊಂಡರು. ಅವಳ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಅವಳು ಮಾಡಿರಲಿಲ್ಲ. ಗೀರು ಇದೆ ಎಂದು ಬಲ್ಲವರಿಗೂ ತಿಳಿಯುವಂತಿರಲಿಲ್ಲ. ಮೂರನೆಯ ದಿನ ಮಾಸ್ತರರು ಬಂದಾಗ ಬೆಳಗಾವಿ ಬಸ್ಸಿನ ಹಾರ್ನು ಕೇಳುತ್ತಿತ್ತು. ದಾರ ಕಟ್ಟಿದ ಲಕೋಟೆಯನ್ನು ಹಾಗೆಯೇ ಬಗಲಲ್ಲಿಟ್ಟುಕೊಂಡು ಓಡಿದರು. ಅವ್ವ ಅವರ ಹಿಂದೆಯೇ ನಿಂತು ಕೈ ಮುಗಿದಳು.

ಮಾಸ್ತರರು ಮರಳಿ ಬಂದಾಗ ಅಪ್ಪನೂ ಬಂದಿದ್ದ. ಅವರು ಕುರ್ಚಿಯಲ್ಲಿ ಕುಳಿತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

"ಸಾಹೇಬ ಒಂದೊಂದಾ ನೋಡಿದ. ನೋಡಿ ನಕ್ಕ. ಮಾಸ್ತರ್ರ, ಹಸದ ಮಂದಿ ಹಿಂಗ ಇರತಾರೇನ್ರಿ, ಇವರ ಗಲ್ಲಾ ನೋಡಿದ್ರ ನಮ್ಮ ಮನ್ಯಾಗಿನವರಿಗಿಂತಾ ಛಲೋ ಅದಾವಲ್ರಿ, ಅಂದ. ಲಕೋಟಿ ಹೊಳ್ಳಿ ನನ್ನ ಕೈಯಾಗ ಕೊಟ್ಟ."

ಮುಂದಿನ ವಾರ ಸಾಹೇಬರು ಕಡತ ಮುಚ್ಚುವ ಮೊದಲು ಇನ್ನೊಮ್ಮೆ ಕಾಣಬಹುದು, ಅಷ್ಟೇ ಉಳಿದಿರುವುದು ಎಂದರು. ಅಪ್ಪ ಲಕೋಟೆ ಬಿಚ್ಚಿದ. ಒಂದು ನೋಡಿದ, ಎರಡು ನೋಡಿದ, ಮೂರನೆಯದನ್ನು ನೋಡದೆ ಎದ್ದು ಒಳಗೆ ಬಂದ. ಅವ್ವ ಒಲೆಯ ಮುಂದಿದ್ದಳು.

"ನಾ ಏನ ಹೇಳಿ ಹೋಗಿದ್ದೆ?"

"ಕೈ ಹಚ್ಚಬ್ಯಾಡ ಅಂದಿದ್ರಿ."

"ಮತ್ತ? ಇಡೀ ಓಣಿ ಕೂಳಿಗೆ ಕಲ್ಲ ಹಾಕಿದಿ!"

ಅವನು ಅವಳ ಮೇಲೆ ಹಾಗೆ ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಅವ್ವ ಎದ್ದು ನಿಂತಳು.

"ಗಂಗವ್ವ ನನ್ನ ಕೈಯಾಗ ಬಂದು ಕುಂತಿದ್ಲರಿ. ನಿಮಗ ಆಕಿ ಫೋಟೋ. ನನಗ ಆಕಿ ಗಂಗವ್ವ. ಪೆನ್ಸಿಲ್ ಕೈಯಾಗ ಇಟಗೊಂಡು ಸುಮ್ಮನ ಹ್ಯಾಂಗ ಕೂಡ್ಲಿ? ನೀವಾಗಿದ್ರ ಏನ ಮಾಡ್ತಿದ್ರಿ?"

"ಹಂಗs ಬಿಡ್ತಿದ್ದೆ. ಖರೆ ಇದ್ದದ್ದು ಖರೆ ಇರಬೇಕು."

"ಖರೆ? ನೀವು ಬಿಡ್ತಿದ್ರಿ?"

ಅಪ್ಪ ಬೆನ್ನು ತಿರುಗಿಸಿದ. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಇಬ್ಬರಲ್ಲಿ ಯಾರದು ಸರಿ ಎಂದು ಇಂದಿಗೂ ನನ್ನನ್ನು ಯಾರಾದರೂ ಕೇಳಿದರೆ ಹೇಳಲಾರೆ. ಆ ದಿನ ನಾನು ಮಾಡಿದ್ದು ಪೆನ್ಸಿಲ್ಲುಗಳನ್ನೆಲ್ಲ ತೆಗೆದುಕೊಂಡು ಹೋಗಿ ಹಿತ್ತಲ ಬೂದಿಗುಂಡಿಯಲ್ಲಿ ಹುಗಿದದ್ದು.

ಸುದ್ದಿ ಓಣಿಗೆ ಮುಟ್ಟಿತು. ಗಂಗವ್ವ ಕಾಕು ಬಂದು ತನ್ನ ಚಿತ್ರ ಕೊಡು ಎಂದಳು. ಅವ್ವ ತಲೆ ಎತ್ತದೆ ಕೊಟ್ಟಳು. ಕಾಕು ಅದನ್ನು ಕಣ್ಣ ಹತ್ತಿರ, ದೂರ ಹಿಡಿದು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ ನನ್ನವ್ವ, ನನ್ನ ಮದವ್ಯಾಗ ಸೈತ ನಾ ಹಿಂಗ ಇರಲಿಲ್ಲ! ಇದನ್ನ ನಾ ಇಟಗೋತೀನಿ ತಂಗಿ. ಬೆಳಗಾವಿಗೆ ಮಾತ್ರ ನನ್ನ ಖರೆ ಮಾರಿ ಕಳಸು. ನಾಚಿಕಿ ಇದ್ರ ನೋಡಾವರಿಗೆ ಇರಲಿ."

ಮರುದಿನ ಮಧ್ಯಾಹ್ನ ಅವ್ವ ಟರ್ಪೆಂಟೈನ್ ಸೀಸೆ, ಅರಳೆ ಇಟ್ಟುಕೊಂಡು ಮೇಜಿಗೆ ಕುಳಿತಳು. ಅಪ್ಪ ಪಕ್ಕದಲ್ಲಿ ನಿಂತು ಒಂದೊಂದೇ ಪ್ಲೇಟು ಕೊಡುತ್ತಿದ್ದ. ಎರಡು ದಿನ ಹಾಕಿದ ಗೀರು ಒಂದು ಸಲ ಒರೆಸಿದರೆ ಹೋಗುತ್ತದೆ. ತಾನೇ ತುಂಬಿದ ಗಲ್ಲಗಳನ್ನು ತಾನೇ ಒಂದೊಂದಾಗಿ ಖಾಲಿ ಮಾಡುತ್ತ ಅವ್ವ ಅತ್ತಳು. ಗೊಂಬೆಯವಳ ಕೂಸಿನ ಗಲ್ಲಕ್ಕೆ ಬಂದಾಗ ಅರಳೆ ಕೆಳಗಿಟ್ಟಳು, ಆಮೇಲೆ ಮತ್ತೆ ಎತ್ತಿಕೊಂಡು ಅದನ್ನೂ ಒರೆಸಿದಳು. ಹನ್ನೆರಡೂ ಮುಗಿದವು. ಅಪ್ಪ ಪ್ಲೇಟುಗಳನ್ನು ಎತ್ತಿಕೊಳ್ಳಲು ಬಗ್ಗಿದ.

"ಇನ್ನೊಂದು ಐತಿ," ಎಂದಳು ಅವ್ವ.

"ಯಾವದು?"

"ಜ್ವಾಳದ ಸಾಲಿಂದು. ಆ ಗುರುವಾರದ್ದು."

ಅಪ್ಪ ನನ್ನ ಕಡೆ ನೋಡಿದ. ನಾನು ಹಂಸದ ಕಡೆ ನೋಡಿದೆ.

"ಅದು ಬ್ಯಾಡ ಬಿಡು."

"ಎಲ್ಲಾರ ಮಾರಿ ಹೋಗಾಕತ್ತಾವು, ನಮ್ಮ ಮನೀದು ಒಂದs ಮುಚ್ಚಿಡೂದು ಹ್ಯಾಂಗರಿ? ನಾ ಅಲ್ಲಿದ್ದೆ. ಅದು ನಿಮಗೂ ಗೊತ್ತೈತಿ. ಎಂದೂ ಊಟಾ ಹೊಗಳದಾವರು ಕುಲಗೋಡ ಜ್ವಾಳ ಛಲೋ ಐತಿ ಅಂದ್ರಲ್ಲ, ಆವತ್ತs ಗೊತ್ತಾತು ನನಗ."

ಅಪ್ಪ ಒಳಗೆ ಹೋಗಿ, ದೇವರ ಗೂಡಿನ ಹಿಂದೆ ಕಾಗದದಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ತಂದು ಮೇಜಿನ ಮೇಲಿಟ್ಟ. ಗೋಡೆ, ಸಾಲು, ಸೆರಗುಗಳು, ಬಲಗಡೆಯಿಂದ ಮೂರನೆಯವಳು ಸೆರಗು ಜಾರಿದ ಅವ್ವ, ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡ ನಾನು. ಅವ್ವ ಕನ್ನಡಿ ತಿರುಗಿಸಿ ಬೆಳಕು ಹಿಡಿದು ಬಗ್ಗಿದಳು. ಅವಳ ಗಲ್ಲದ ಮೇಲೆ ಪೆನ್ಸಿಲ್ಲಿನ ಗೀರುಗಳಿದ್ದವು. ಅವ್ವನ ಗೀರುಗಳಲ್ಲ. ದಪ್ಪ ದಪ್ಪ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ಪಾಟಿ ಹಿಡಿದ ಮೊದಲ ದಿನದ ಹುಡುಗರು ಗೀಚುವ ಹಾಗೆ.

ಅವ್ವ ಅಪ್ಪನ ಮುಖ ನೋಡಿದಳು. ಕೈ ಹಚ್ಚಬೇಡ ಎಂದವನು, ಖರೆ ಇದ್ದದ್ದು ಖರೆ ಇರಬೇಕು ಎಂದು ಕೂಗಿದವನು, ಕಂದು ಕಲೆಯ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ನಿಂತಿದ್ದ.

"ತೊಳದಾಗ ನೋಡಿದೆ," ಎಂದ. "ನೀ ಅಷ್ಟ ಸೊರಗಿದ್ದು ನನಗ ಗೊತ್ತs ಇರಲಿಲ್ಲ. ನೋಡಾಕ ಆಗಲಿಲ್ಲ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಪ್ಲೇಟಿನ ಮೇಲೆ ಬಗ್ಗಿದಳು. ಬಗ್ಗಿದವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಗಲ್ಲಾ ತುಂಬಾಕ ಹೋಗಿ, ಬಾಯಾಗ ಎಲಿ ಅಡಿಕಿ ಒತ್ತಿಟ್ಟಾಂಗ ಮಾಡೀರಲ್ರಿ! ಧರ್ಮದ ಜ್ವಾಳಕ್ಕ ಎಲಿ ಹಾಕ್ಕೊಂಡು ಹೋಗಿದ್ನೇನು ನಾ?"

ಅಪ್ಪನೂ ನಕ್ಕ. ನಾನೂ ನಕ್ಕೆ. ಅವ್ವ ಅರಳೆಗೆ ಟರ್ಪೆಂಟೈನ್ ಹನಿಸಿದಳು. ಗಾಜಿಗೆ ಮುಟ್ಟಿಸುವ ಮೊದಲು ಕೈ ತಡೆದಳು.

"ತಡೀರಿ. ಮೊದಲ ಒಂದು ಪ್ರಿಂಟ್ ತಗದು ಕೊಡ್ರಿ ನನಗ. ಆಮ್ಯಾಲ ಒರಸ್ತೀನಿ."

ಬಿಸಿಲಿಗಿಟ್ಟು ಒಂದೇ ಒಂದು ಪ್ರತಿ ತೆಗೆದರು. ಆಮೇಲೆ ಅವ್ವ ತನ್ನ ಗಲ್ಲವನ್ನೂ ಒರೆಸಿದಳು. ಹದಿಮೂರು ಚಿತ್ರಗಳು ಬೆಳಗಾವಿಗೆ ಹೋದವು. ಈ ಸಲ ಸಾಹೇಬರು ನಗಲಿಲ್ಲವಂತೆ, ಸಾಲಿನ ಚಿತ್ರವನ್ನು ಕೈಯಲ್ಲಿ ಹಿಡಿದು, ಈ ಹುಡುಗಿ ನನ್ನನ್ನೇ ನೋಡುತ್ತಿದ್ದಾಳಲ್ಲ ಎಂದರಂತೆ. ಮುಂದಿನ ತಿಂಗಳು ಶಾಲೆಯ ಅಂಗಳದಲ್ಲಿ ಗಂಜಿಯ ಒಲೆ ಹೂಡಿದರು. ಓಣಿಯ ಹುಡುಗರ ಜೊತೆ ನಾನೂ ತಾಟು ಹಿಡಿದು ಕುಳಿತು ಗಂಜಿ ಕುಡಿದೆ, ಹಿತ್ತಲ ಬಾಗಿಲಿಂದ ಹೋಗದೆ. ಮಗ್ಗಗಳು ಮತ್ತೆ ಸಪ್ಪಳ ಮಾಡಲು ಇನ್ನೂ ಒಂದು ವರ್ಷ ಹಿಡಿಯಿತು. ಆಮೇಲೆ ಮದುಮಕ್ಕಳು ಬಂದರು, ಅವ್ವ ಮತ್ತೆ ಮೇಜಿಗೆ ಕುಳಿತಳು. ಬೂದಿಗುಂಡಿಯಿಂದ ಪೆನ್ಸಿಲ್ ತೆಗೆದುಕೊಟ್ಟದ್ದು ನಾನೇ.

ಅವ್ವ ಹೋಗಿ ಈಗ ಬಹಳ ವರ್ಷಗಳಾದವು. ಅವಳ ಟ್ರಂಕಿನಲ್ಲಿ ಕೌದಿಯ ಕೆಳಗೆ ಆ ಒಂದು ಪ್ರತಿ ಸಿಕ್ಕಿತು. ಮೂರು ತಾಲೂಕುಗಳ ಗಲ್ಲ ತುಂಬಿದವಳು ತನ್ನದೆಂದು ಇಟ್ಟುಕೊಂಡಿದ್ದ ಚಿತ್ರ ಅದೊಂದೇ. ಗೋಡೆಗೆ ಹಾಕಲು ದೊಡ್ಡದು ಮಾಡಿಸೋಣವೆಂದು ಮೊನ್ನೆ ಒಯ್ದಿದ್ದೆ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಚಿತ್ರವನ್ನು ಹಿಗ್ಗಿಸಿ, ಅವ್ವನ ಗಲ್ಲದ ಮೇಲೆ ಬೆರಳಿಟ್ಟಳು.

"ಅಜ್ಜಿ, ಇಲ್ಲಿ ಯಾರೋ ಗೀಚ್ಯಾರ ನೋಡ್ರಿ. ಗಲ್ಲಾ ಉಬ್ಬಿದಾಂಗ ಕಾಣಾಕತ್ತೈತಿ. ಎರಡು ಮಿನೀಟದಾಗ ತಗದು ಕೊಡ್ತೀನಿ."

"ಬ್ಯಾಡವಾ," ಎಂದೆ. "ಕೈ ಹಚ್ಚಬ್ಯಾಡ."